ಗ್ರಾಮಸಭೆಯಲ್ಲಿ ಕಫದ ಡಬ್ಬಿ ಲೆಕ್ಕ ಕೇಳಿ

ಮಾವನಿಗೆ ಟಿಬಿ ಬಂದಾಗ ನಮ್ಮ ಮನೆಯಲ್ಲಿ ಯಾರೂ ಆ ಹೆಸರು ಎತ್ತುತ್ತಿರಲಿಲ್ಲ. ಕೇಳಿದವರಿಗೆ 'ಕೆಮ್ಮು, ಶೀತ' ಅಂತ ಹೇಳಿ ಸಾಗಹಾಕುತ್ತಿದ್ದೆವು. ಅತ್ತೆ ಮಾವನ ತಟ್ಟೆ-ಲೋಟ ಬೇರೆ ಇಟ್ಟಿದ್ದರು. (ಟಿಬಿ ಹರಡೋದು ಗಾಳಿಯಿಂದ, ತಟ್ಟೆಯಿಂದಲ್ಲ ಅಂತ ಗೊತ್ತಾಗಿದ್ದು ಆಮೇಲೆ.) ಮಾತ್ರೆ ಶುರುವಾದ ದಿನ ಮೂತ್ರ ಕೆಂಪಗಾಗಿದ್ದು ನೋಡಿ ಮಾವ 'ರಕ್ತ ಹೋಗ್ತಿದೆ' ಅಂತ ಹೆದರಿ ಮಾತ್ರೆಯನ್ನೇ ಬಿಟ್ಟುಬಿಟ್ಟಿದ್ದರು. ಆಶಾ ಕಾರ್ಯಕರ್ತೆ ಮನೆಗೆ ಬಂದು 'ಅದು ಮಾತ್ರೆ ಬಣ್ಣ ಅಣ್ಣ, ಏನೂ ಆಗಲ್ಲ' ಅಂದ ಮೇಲೇ ಮತ್ತೆ ನುಂಗಿದ್ದು. ಆರು ತಿಂಗಳು ಮುಗಿಸಿದರು. ಈಗ ಗಟ್ಟಿಯಾಗಿದ್ದಾರೆ.

ಅದೇ ವರ್ಷ ವೋಟು ಕೇಳಲು ಬಂದವರ ಹತ್ತಿರ ನಾವು ರಸ್ತೆ ಕೇಳಿದೆವು, ಚರಂಡಿ ಕೇಳಿದೆವು. ಟಿಬಿ ಬಗ್ಗೆ ತುಟಿ ಬಿಚ್ಚಲಿಲ್ಲ. ನಾವೇ ಮುಚ್ಚಿಟ್ಟ ರೋಗಕ್ಕೆ ರಾಜಕಾರಣಿ ಯಾಕೆ ತಲೆ ಕೆಡಿಸಿಕೊಳ್ತಾನೆ, ಅಲ್ವಾ?

ಮೈಸೂರಿನ ಪಿ.ಕೆ. (ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ) ಸ್ಯಾನಿಟೋರಿಯಂ, ಅದೇ ಟಿಬಿ ಆಸ್ಪತ್ರೆ, ಗೊತ್ತಿರಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸೋದರಿ ಕೃಷ್ಣಾಜಮ್ಮಣ್ಣಿ ತೀರಿಕೊಂಡಿದ್ದು ಕ್ಷಯದಿಂದಲೇ. ಆ ಆಸ್ಪತ್ರೆಗೆ ಅವರದೇ ಹೆಸರು. ಅರಮನೆಗೆ ಬಂದ ರೋಗ ಅರಮನೆಗೆ ಕಂಡಿತು. ಈಗ ಟಿಬಿ ಜಾಸ್ತಿ ಬರೋದು ಬಡವರಿಗೆ, ಹೊಟ್ಟೆಗಿಲ್ಲದವರಿಗೆ; ಅದು ಯಾರ ಕಣ್ಣಿಗೂ ಬೀಳಲ್ಲ.

2018ರಲ್ಲಿ ಪ್ರಧಾನಿ ದೆಹಲಿಯ ಸಭೆಯೊಂದರಲ್ಲಿ 2025ಕ್ಕೆ ಭಾರತ ಟಿಬಿ ಮುಕ್ತ ಎಂದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲೂ ದೇಶದಲ್ಲಿ ಸುಮಾರು 28 ಲಕ್ಷ ಜನಕ್ಕೆ ಕಾಯಿಲೆ ಬಂತು, 3 ಲಕ್ಷಕ್ಕೂ ಹೆಚ್ಚು ಜನ ಸತ್ತರು. 2024ರ ಮಾರ್ಚ್‌ನಲ್ಲಂತೂ ಔಷಧಿಯೇ ಸಾಲದೆ, ನೀವೇ ಸ್ಥಳೀಯವಾಗಿ ಕೊಂಡುಕೊಳ್ಳಿ ಅಂತ ಕೇಂದ್ರ ರಾಜ್ಯಗಳಿಗೆ ಪತ್ರ ಬರೆಯಿತು. ಒಂದು ದಿನವೂ ತಪ್ಪಿಸಬಾರದು ಅಂತ ರೋಗಿಗೆ ಹೇಳೋ ಮಾತ್ರೆ ಅದು!

ಏನು ಮಾಡಬೇಕು ಅನ್ನೋದು ಗೊತ್ತಿಲ್ಲದೆ ಏನಿಲ್ಲ. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ಟಿಬಿ ರೋಗಿಗಳ ಮನೆಯವರಿಗೂ ತಿಂಗಳು ತಿಂಗಳು ಅಕ್ಕಿ-ಬೇಳೆ ಕೊಟ್ಟು ನೋಡಿದರು. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರೋದು ಶೇ. 40ರ ಆಸುಪಾಸು ಕಡಿಮೆಯಾಯ್ತು. 2023ರಲ್ಲಿ ಫಲಿತಾಂಶ ಪ್ರಕಟವಾಯ್ತು. ಅಕ್ಕಿ, ಬೇಳೆ, ಜೊತೆಗೆ ವಿಟಮಿನ್ ಮಾತ್ರೆ, ಅಷ್ಟೇ. ಸರ್ಕಾರ ರೋಗಿಗೆ ಕೊಡುವ ಪೋಷಣೆ ದುಡ್ಡನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 500 ರೂಪಾಯಿಯಿಂದ 1000ಕ್ಕೆ ಏರಿಸಿದೆ, ಒಳ್ಳೇದೇ. ಆದರೂ ದಿನಕ್ಕೆ 33 ರೂಪಾಯಿ. ಎರಡು ಮೊಟ್ಟೆ, ಒಂದು ಲೋಟ ಹಾಲಿಗೆ ಮುಗೀತು.

ನನಗೆ ಭಯ ಇರೋದು ಸರ್ಕಾರದ 'ಟಿಬಿ ಮುಕ್ತ ಪಂಚಾಯಿತಿ' ಯೋಜನೆ ಬಗ್ಗೆ. ಯೋಜನೆ ಕೆಟ್ಟದ್ದಲ್ಲ. ಸಾವಿರ ಜನಕ್ಕೆ ಕನಿಷ್ಠ 30 ಜನರ ಪರೀಕ್ಷೆ ಆಗಬೇಕು, ರೋಗಿ ಒಬ್ಬರಿಗಿಂತ ಜಾಸ್ತಿ ಇರಬಾರದು, ಜೊತೆಗೆ ಇನ್ನೂ ಕೆಲವು ಷರತ್ತು. ಗೆದ್ದ ಪಂಚಾಯಿತಿಗೆ ಗಾಂಧಿ ಪ್ರತಿಮೆ. ಆದರೆ ಹೆಚ್ಚು ರೋಗಿಗಳು ಸಿಕ್ಕರೆ ಪ್ರತಿಮೆ ತಪ್ಪುತ್ತೆ ಅಂದ್ರೆ ಯಾರು ತಾನೇ ಮನಸ್ಸಿಟ್ಟು ಹುಡುಕ್ತಾರೆ? ಹೊಸ ರೋಗಿಯನ್ನು ಹುಡುಕಿ ಹಿಡಿದ ಅಧ್ಯಕ್ಷರಿಗೆ ಮೊದಲು ಹಾರ ಹಾಕಬೇಕು.

ಅದಕ್ಕೇ ಮುಂದಿನ ಗ್ರಾಮಸಭೆಯಲ್ಲಿ ಕೇಳೋಣ ಅಂತಿದ್ದೀನಿ. ಈ ವರ್ಷ ನಮ್ಮೂರಿಂದ ಪರೀಕ್ಷೆಗೆ ಎಷ್ಟು ಕಫದ ಡಬ್ಬಿ ಹೋದವು? ಎಷ್ಟು ದಿನಕ್ಕೆ ರಿಪೋರ್ಟ್ ಬಂತು? ಪಿಎಚ್‌ಸಿಯಲ್ಲಿ ಎಷ್ಟು ತಿಂಗಳ ಮಾತ್ರೆ ಇದೆ? ಪಿಡಿಒ ಬರೆದುಕೊಳ್ಳಲಿ, ಎಮ್ಮೆಲ್ಲೆ ಬಂದರೆ ಅವರೂ ಕೇಳಿಸಿಕೊಳ್ಳಲಿ.

ಮಾವನನ್ನೂ ಕರೆದೆ. ಸ್ವಲ್ಪ ಹೊತ್ತು ಸುಮ್ನಿದ್ದು, 'ಬರ್ತೀನಿ. ನೀನೇ ಕೇಳು, ನನ್ನ ಹೆಸರು ಮಾತ್ರ ಎತ್ಬೇಡ' ಅಂದರು.