ಬಲಿ ಚಕ್ರವರ್ತಿಯ ಮೂರಡಿ

ಮೊನ್ನೆ ಭಾನುವಾರ ಬೆಳಿಗ್ಗೆ ಪಕ್ಕದ ಮನೆ ಯಜಮಾನರು ನಮ್ಮ ಗೇಟು ತೆಗೆದು ಒಳಗೆ ಬಂದರು. ಕೈಯಲ್ಲಿ ಒಂದು ಡಜನ್ ಏಲಕ್ಕಿ ಬಾಳೆಹಣ್ಣು. ಎರಡು ವರ್ಷದಿಂದ ಮಾತು ಬಿಟ್ಟ ಮನುಷ್ಯ ಬಾಳೆಹಣ್ಣು ಹಿಡಿದು ಬಂದರೆ ನನ್ನಂಥವನಿಗೆ ಹಣ್ಣು ತಿನ್ನುವ ಮೊದಲೇ ಹೊಟ್ಟೆ ಕಲಸುತ್ತದೆ. ಕಾಫಿ ಆಯಿತು, ಮಳೆ ವಿಷಯ ಆಯಿತು, ಮಕ್ಕಳ ಓದಿನ ವಿಷಯ ಆಯಿತು. ಆಮೇಲೆ ವಿಷಯ ಬಂತು.

"ಸಾರ್, ಈ ಕಡೆ ಗೋಡೆಗೆ ಗಾರೆ ಆಗಿಲ್ಲ ನೋಡಿ. ಮಳೆ ಹೊಡೆದ್ರೆ ಒಳಗೆಲ್ಲ ತೇವ. ನಿಮ್ಮ ಜಾಗದಲ್ಲಿ ಒಂದು ಹದಿನೈದು ದಿನ ಸಾರವೆ ಕಟ್ಕೊಳ್ತೀವಿ, ಅಷ್ಟೇ."

ನಿಮ್ಮ ಜಾಗ ಅಂದರು! ಆ ಎರಡು ಪದ ಅವರ ಬಾಯಲ್ಲಿ ಜೊತೆಯಾಗಿ ಬಂದದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು.

ಬೆಂಗಳೂರಲ್ಲಿ ಮೂವತ್ತು-ನಲವತ್ತು ಸೈಟಿನಲ್ಲಿ ಇರುವವರಿಗೆ ಈ ಗಾರೆ ಆಗದ ಗೋಡೆಯ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲದವರಿಗೆ ಹೇಳುತ್ತೇನೆ. ಸೈಟಿನ ಗೆರೆ ಮೇಲೇ ಗೋಡೆ ಎಬ್ಬಿಸಿದರೆ ಒಳಗಡೆ ಗಾರೆ ಮಾಡಬಹುದು, ಬಣ್ಣ ಹೊಡೆಯಬಹುದು, ದೇವರ ಫೋಟೋ ನೇತು ಹಾಕಬಹುದು. ಹೊರಗಡೆಗೆ ಮೇಸ್ತ್ರಿ ನಿಲ್ಲೋದು ಎಲ್ಲಿ? ಅವನೇನು ಹಲ್ಲಿಯೇ? ಪಕ್ಕದವನೂ ಜಾಗ ಬಿಡದೆ ಕಟ್ಟಿದ್ದರೆ ಎರಡು ಗೋಡೆ ಒಂದಕ್ಕೊಂದು ಬೆನ್ನು ಕೊಟ್ಟು ನಿಲ್ಲುತ್ತವೆ, ನಡುವೆ ಇಲಿ ಮಾತ್ರ ಓಡಾಡುತ್ತದೆ. ಪಕ್ಕದವನು ದಡ್ಡನಾಗಿ ನಕ್ಷೆಯಲ್ಲಿ ಇದ್ದ ಹಾಗೆ ಮೂರಡಿ ಬಿಟ್ಟಿದ್ದರೆ ಬಾಳೆಹಣ್ಣು ತಗೊಂಡು ಬರಬಹುದು.

ಆ ದಡ್ಡ ನಾನು. 2009ರಲ್ಲಿ ಮನೆ ಕಟ್ಟುವಾಗ ನಮ್ಮ ಮೇಸ್ತ್ರಿ ಬಡಕೊಂಡ. "ಯಾರು ಸಾರ್ ಬಿಡ್ತಾರೆ ಈ ಕಾಲದಲ್ಲಿ? ಮೂರಡಿ ಇಂಟು ನಲವತ್ತು, ನೂರಿಪ್ಪತ್ತು ಅಡಿ ಹೋಯ್ತು. ಸೈಟಿನ ಹತ್ತನೇ ಒಂದು ಪಾಲು." ನಾನು ಕೇಳಲಿಲ್ಲ. ಗಾಳಿ ಬೇಕು, ಬೆಳಕು ಬೇಕು, ನಾಲ್ಕು ಗಿಡ ಇಡಬೇಕು ಅಂತ ಭಾಷಣ ಮಾಡಿದೆ. ಅವನು ನನ್ನನ್ನು ನೋಡಿದ ನೋಟ ಈಗ ಅರ್ಥವಾಗುತ್ತಿದೆ.

ಪುರಾಣದಲ್ಲಿ ಬಲಿ ಚಕ್ರವರ್ತಿಯ ಹತ್ತಿರ ವಾಮನ ಬಂದು ಕೇಳಿದ್ದೂ ಮೂರಡಿಯೇ ಅಲ್ವಾ? ಬಲಿ ಕೊಟ್ಟ, ತಲೆ ಮೇಲೆ ಕಾಲಿಡಿಸಿಕೊಂಡು ಪಾತಾಳಕ್ಕೆ ಹೋದ. ಆದರೂ ಪುಣ್ಯವಂತ. ವರ್ಷಕ್ಕೊಂದು ಪಾಡ್ಯದ ದಿನ ಮೇಲೆ ಬಂದು ಬೆಳಕು ನೋಡುತ್ತಾನೆ. ನಮ್ಮ ಬೆಡ್‌ರೂಮಿಗೆ ಆ ಭಾಗ್ಯವೂ ಇಲ್ಲ.

ಈಗ ಸುದ್ದಿಗೆ ಬರೋಣ. ಓಸಿ, ಅಂದರೆ ಆಕ್ಯುಪೆನ್ಸಿ ಸರ್ಟಿಫಿಕೇಟಿನ ವಿಷಯ ನೀವೆಲ್ಲ ಓದಿದ್ದೀರಿ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಒಂದು ಮಾತು ಹೇಳಿತು. ನಕ್ಷೆ ಪ್ರಕಾರ ಕಟ್ಟಿದ್ದೀರಿ ಅನ್ನುವ ಸರ್ಟಿಫಿಕೇಟು ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬೇಡಿ ಅಂತ. ಮುಂದಿನ ಏಪ್ರಿಲ್‌ನಿಂದ ಇಲ್ಲಿ ಹೊಸ ಕನೆಕ್ಷನ್ ನಿಂತುಹೋಯಿತು. ಊರಿಗೆ ಊರೇ ಬಾಯಿ ಬಡಕೊಂಡಿತು. ನಮ್ಮ ಪಕ್ಕದವರೂ ಬಡಕೊಂಡರು. ಆರು ತಿಂಗಳು ಕಟ್ಟಡ ಕೆಲಸದ ತಾತ್ಕಾಲಿಕ ಮೀಟರಿನಲ್ಲೇ ಫ್ರಿಡ್ಜು ಓಡಿಸಿದರು. ಆಗ ನನಗೆ ಒಳಗೊಳಗೇ ಒಂದು ಸಂತೋಷ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ 2025ರಲ್ಲೇ ಸರ್ಕಾರ ಕರುಣೆ ತೋರಿಸಿತು. 1200 ಚದರ ಅಡಿವರೆಗಿನ ಸೈಟಿನಲ್ಲಿ ನೆಲಮಹಡಿ ಮತ್ತು ಎರಡು ಅಂತಸ್ತು, ಇಲ್ಲವೇ ಸ್ಟಿಲ್ಟು (ಕೆಳಗೆ ಬರೀ ಕಂಬ ನಿಲ್ಲಿಸಿ ಗಾಡಿಗೆ ಬಿಟ್ಟ ಜಾಗ) ಮತ್ತು ಮೂರು ಅಂತಸ್ತಿನ ಮನೆ ಕಟ್ಟಿದ್ದರೆ ಓಸಿ ಬೇಡ.

ಕಷ್ಟಪಟ್ಟು ಒಂದು ಸೂರು ಮಾಡಿಕೊಂಡ ಬಡವರಿಗೆ ಇದರಿಂದ ಒಳ್ಳೆಯದಾಯಿತು, ನಾನು ಇಲ್ಲ ಅನ್ನೋದಿಲ್ಲ. ಓಸಿ ಕೊಡುವ ಕಿಟಕಿ ಮುಂದೆ ಅವರು ಏನೇನು ಕೊಡಬೇಕಾಗುತ್ತಿತ್ತು ಅನ್ನುವುದೂ ಗೊತ್ತು. ನಕ್ಷೆ ಪ್ರಕಾರ ಕಟ್ಟಬೇಕು ಅನ್ನುವ ನಿಯಮವೂ ಹಾಗೇ ಇದೆಯಂತೆ, ಹೋಗಿ ನೋಡುವ ಕೆಲಸ ಮಾತ್ರ ಇಲ್ಲ. ಪರೀಕ್ಷೆ ಇದೆ, ಪೇಪರ್ ತಿದ್ದುವುದಿಲ್ಲ ಅಂದ ಹಾಗೆ. ಇದಕ್ಕೂ ಮೊದಲು ನಕ್ಷೆ ಮಂಜೂರು ಮಾಡುವ ಯೋಜನೆಗೆ ಇಟ್ಟ ಹೆಸರು ಗೊತ್ತಲ್ಲ, ನಂಬಿಕೆ ನಕ್ಷೆ. ಎಂಥ ಹೆಸರು! ಯಾರು ಯಾರನ್ನು ನಂಬಬೇಕು ಅಂತ ಹೇಳದೇ ಇರುವುದೇ ಅದರ ಚಂದ.

ನಿಮ್ಮದು ನೆಲಮಹಡಿ ಮೇಲೆ ಮೂರು ಅಂತಸ್ತು ಅಲ್ವೇ, ಅಂತ ನಾನು ಪಕ್ಕದವರನ್ನು ಕೇಳಿದೆ. "ಅದು ಅಂತಸ್ತು ಅಲ್ಲ ಸಾರ್, ಬರೀ ಶೀಟು" ಅಂದರು. ಶೀಟಿನ ಕೆಳಗೆ ಎರಡು ರೂಮು, ಅಡುಗೆಮನೆ, ಬಾತ್‌ರೂಮು ಮತ್ತು ಸಾಫ್ಟ್‌ವೇರಿನ ನಾಲ್ಕು ಹುಡುಗರು ಇದ್ದಾರೆ. ಆದರೆ ಮೇಲೆ ಶೀಟು.

ಕಟ್ಟುವಾಗಲೇ ನಾನು ಹೋಗಿ ಕೇಳಿದ್ದೆ. ಒಂದಡಿಯಾದರೂ ಬಿಡಿ ಸಾರ್, ಕಿಟಕಿಗೆ ಗಾಳಿ ಬರಲಿ ಅಂತ. ಅವರು ಜೇಬಿನಿಂದ ಒಂದು ಚೀಟಿ ತೆಗೆದರು. ನಾನು ಇಂಜಿನಿಯರ್ ಲೆಕ್ಕ ಅಂದುಕೊಂಡೆ. ಆಯದ ಲೆಕ್ಕ, ಮನೆಯ ಅಳತೆ ಹಿಡಿದು ಶುಭ ಅಶುಭ ನೋಡುವುದು. ಹೊರಗೋಡೆಯಿಂದ ಹೊರಗೋಡೆಗೆ ಅವರು ಹಿಡಿದ ಅಳತೆಗೆ ಗಜಾಯ ಬರುತ್ತದೆ. ಒಂದು ಅಂಗುಲ ಆಚೆ ಈಚೆ ಆದರೂ ಆಯ ಕೆಡುತ್ತದೆ. "ಮಕ್ಕಳು ಮರಿ ಇರೋ ಮನೆ ಸಾರ್, ರಿಸ್ಕ್ ತಗೊಳ್ಳೋಕೆ ಆಗಲ್ಲ" ಅಂದರು. ಪಾಲಿಕೆಯ ನಿಯಮ ಮುರಿಯುವ ರಿಸ್ಕ್ ತಗೊಳ್ಳಬಹುದು, ಆನೆಯದ್ದು ಆಗಲ್ಲ. ಈಶಾನ್ಯದಲ್ಲಿ ಜಾಗ ಖಾಲಿ ಇರಲಿ ಅಂತ ವಾಸ್ತುವಿನವರು ಹೇಳಿದ್ದಕ್ಕೆ ಕಟ್ಟಿದ ಬಾತ್‌ರೂಮನ್ನೇ ಒಡೆದು ಬಿಟ್ಟಿದ್ದಾರೆ! ಸೆಟ್‌ಬ್ಯಾಕ್, ಅಂದರೆ ಗೆರೆಯಿಂದ ಗೋಡೆಗೆ ಬಿಡಬೇಕಾದ ಜಾಗ, ಬಿಡದಿದ್ದರೆ ಹಿರಿಮಗನ ಮದುವೆ ತಡ ಆಗುತ್ತದೆ ಅಂತ ಯಾರಾದರೂ ಒಬ್ಬರು ವಾಸ್ತುವಿನವರು ಹೇಳಿದ್ದರೆ ಬೆಂಗಳೂರು ಇವತ್ತು ಉದ್ಯಾನನಗರಿಯಾಗೇ ಇರುತ್ತಿತ್ತು. ಆಯಗಳು ಎಂಟು. ಅವರಿಗೆ ಆನೆ ಬಂದಿದೆ. ನನ್ನದನ್ನು ಯಾವತ್ತೂ ಲೆಕ್ಕ ಹಾಕಿಸಿಲ್ಲ, ಹಾಕಿಸಿದರೆ ಖರಾಯ ಬರುತ್ತದೆ ಅಂತ ಗುಮಾನಿ. ಖರ ಅಂದರೆ ಕತ್ತೆ.

ಪರಿಚಯದ ವಕೀಲರ ಹತ್ತಿರ ಹೋಗಿದ್ದೂ ಉಂಟು. ಅವರು 1882ರ ಒಂದು ಕಾಯಿದೆ ತೆಗೆದರು. ಗಾಳಿ ಬೆಳಕು ಅಡೆತಡೆ ಇಲ್ಲದೆ ಇಪ್ಪತ್ತು ವರ್ಷ ಬಂದಿದ್ದರೆ ಅದು ನಿಮ್ಮ ಹಕ್ಕಾಗುತ್ತೆ ಅಂದರು. ಮನೆ ಕಟ್ಟಿ ಎಷ್ಟು ವರ್ಷ ಆಯಿತು ಅಂತ ಕೇಳಿದರು. ಪಕ್ಕದವರು ಪಾಯ ತೆಗೆಯುವ ಹೊತ್ತಿಗೆ ಹದಿನಾಲ್ಕು ಆಗಿತ್ತು. ವಕೀಲರು "ಛೆ" ಅಂದರು. ಅಂದರೆ ನನ್ನ ಕಿಟಕಿ ಇನ್ನೂ ಮೈನರ್! ಅದು ವಯಸ್ಸಿಗೆ ಬರುವ ಮೊದಲೇ ಗೋಡೆ ಕಟ್ಟಿಬಿಟ್ಟರು.

ನಮ್ಮ ಊರಲ್ಲಿ ತಾತನ ಹೊಲದ ಬದು ಜ್ಞಾಪಕ ಬರುತ್ತದೆ. ತಾತ ಸಣ್ಣವನಿದ್ದಾಗ ಅದರ ಮೇಲೆ ಜೋಡೆತ್ತು ನಡೆಯುತ್ತಿದ್ದವಂತೆ. ಪಕ್ಕದ ಹೊಲದವರು ವರ್ಷ ವರ್ಷ ನೇಗಿಲು ಹೊಡೆಯುವಾಗ ಒಂದು ಗೇಣು ಒಳಗೆ ಎಳೆದುಕೊಂಡು, ನಮ್ಮ ತಾತನೂ ಏನು ಕಮ್ಮಿ ಇಲ್ಲ, ಈ ಕಡೆಯಿಂದ ಅರ್ಧ ಗೇಣು ಎಳೆದುಕೊಂಡು, ನಾನು ನೋಡುವ ಹೊತ್ತಿಗೆ ಕೋಳಿ ಕೂಡ ಹುಷಾರಾಗಿ ನಡೆಯಬೇಕಾದ ಬದು ಅದು. ಕೊನೆಗೆ ಹದ್ದುಬಸ್ತಿಗೆ, ಅಂದರೆ ಗಡಿ ಅಳೆಸುವುದಕ್ಕೆ, ಅರ್ಜಿ ಹಾಕಿದರು. ಸರ್ವೇಯರ್ ಚೈನು ತಂದರು. ಸರ್ವೆಯ ಲೆಕ್ಕದಲ್ಲಿ ಒಂದು ಚೈನು ಅಂದರೆ 33 ಅಡಿ, ಅದರಲ್ಲಿ 16 ಆಣೆ. ಹಣದ ಆಣೆ 1957ರಲ್ಲೇ ಹೋಗಿ ನಯಾಪೈಸೆ ಬಂತು, ಹಳೇ ಟಿಪ್ಪಣಿಗಳಲ್ಲಿ ಮಾತ್ರ ಇವತ್ತಿಗೂ ಆಣೆ ಚಲಾವಣೆಯಲ್ಲಿದೆ. ಆ ಲೆಕ್ಕದಲ್ಲಿ ನನ್ನ ಮೂರಡಿ ಹೆಚ್ಚೂಕಮ್ಮಿ ಒಂದೂವರೆ ಆಣೆ. ಅಜ್ಜಿ ಅಳತೆ ನಡೆಯುವಾಗ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಇಬ್ರೂ ಸೇರಿ ತಿಂದಿದ್ದು ನನ್ನ ಹುಲ್ಲು, ಎಮ್ಮೆಗೆ ಈಗ ಏನ್ ಹಾಕ್ಲಿ" ಅಂದಿದ್ದಳು. ಹುಲ್ಲು ಬೆಳೆಯುತ್ತಿದ್ದದ್ದು ಬದುವಿನ ಮೇಲೇ ತಾನೆ. ಆ ಜಗಳ ಯಾವಾಗ ಮುಗಿಯಿತೋ ಗೊತ್ತಿಲ್ಲ, ಮುಗಿಯದೆಯೂ ಇರಬಹುದು. ಆದರೆ ಅಲ್ಲಿ ಗಡಿಕಲ್ಲು ಕೀಳುವವನು ರಾತ್ರಿ ಹೊತ್ತು ಕೀಳುತ್ತಿದ್ದ. ಅಷ್ಟು ನಾಚಿಕೆ ಇತ್ತು. ಇಲ್ಲಿ ಹಗಲು ಹೊತ್ತು, ಪುರೋಹಿತರನ್ನು ಕರೆಸಿ, ಗುದ್ದಲಿ ಪೂಜೆ ಮಾಡಿ, ನನಗೂ ಕೋಸಂಬರಿ ಕೊಟ್ಟು, ಗೆರೆ ಮೇಲೆ ಅಗೆದರು. ನಾನು ಕೋಸಂಬರಿ ತಿಂದೆ.

ಈಗ ಎರಡೂ ಮನೆಯ ಸಂಸಾರ ಒಂದೇ. ಅವರ ಕುಕ್ಕರು ಕೂಗಿದರೆ ನನ್ನ ಹೆಂಡತಿ ನಮ್ಮ ಒಲೆ ಆರಿಸುತ್ತಾಳೆ. ಮೊನ್ನೆ ಬೇಳೆ ಬೇಯದೆ ಇದ್ದದ್ದು ಹಾಗೇ. ಅವರ ಏಸಿಯ ಹೊರಗಿನ ಡಬ್ಬಿ ನನ್ನ ಗಾಳಿಯಲ್ಲಿ ನೇತಾಡುತ್ತಿದೆ. ಅವರಿಗೆ ಒಳಗೆ ಊಟಿ, ನಮಗೆ ಬಳ್ಳಾರಿ. ಅದರ ನೀರು ಟಪ್ ಟಪ್ ಅಂತ ನಮ್ಮ ತುಳಸಿಕಟ್ಟೆ ಪಕ್ಕ ಬೀಳುತ್ತದೆ. "ಡಿಸ್ಟಿಲ್ಡ್ ವಾಟರ್ ಸಾರ್, ಗಿಡಕ್ಕೆ ಒಳ್ಳೇದು" ಅಂತ ಹೇಳಿದ್ದಾರೆ. ತಾರಸಿಯ ಮಳೆನೀರಿನ ಪೈಪು ನನ್ನ ಕಡೆಗೇ ಬಾಯಿ ತೆರೆದಿದೆ. ಮಳೆನೀರು ಕೊಯ್ಲು ನನ್ನ ಮನೆಯಲ್ಲಿ, ಅವರ ಖರ್ಚಿನಲ್ಲಿ.

ಅಕ್ರಮ-ಸಕ್ರಮ ಅಂತ ಒಂದು ಇತ್ತಲ್ಲ. ಸೆಟ್‌ಬ್ಯಾಕ್ ಅರ್ಧಕ್ಕರ್ಧ ನುಂಗಿದ್ದರೂ ವಾಸದ ಮನೆಗೆ ದಂಡ ಕಟ್ಟಿಸಿಕೊಂಡು ಸರಿಮಾಡುವ ಯೋಜನೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಹಾಕಿತು. ನನಗೆ ಆ ಜೋಡಿಪದದ ಮೇಲೆ ಬಹಳ ಗೌರವ. ಅದರಲ್ಲಿ ಅಕ್ರಮಕ್ಕೆ ಒಂದು ಭವಿಷ್ಯ ಇದೆ. ಮೊದಲಿನಿಂದಲೂ ಸಕ್ರಮವಾಗಿ ಇರುವವನಿಗೆ ಏನಿದೆ? ಅವನಿಗೊಂದು ಯೋಜನೆ ಯಾವ ಬಜೆಟ್ಟಿನಲ್ಲಾದರೂ ಬಂದಿದೆಯೇ? ನೂರಿಪ್ಪತ್ತು ಅಡಿ ಬಿಟ್ಟಿದ್ದೀರಿ, ಅಷ್ಟಕ್ಕೆ ಕಂದಾಯ ಕಮ್ಮಿ ಮಾಡುತ್ತೇವೆ ಅಂತ ಯಾರಾದರೂ ಅಂದಿದ್ದಾರೆಯೇ?

ಇಷ್ಟೊತ್ತು ನಗ್ತಾ ಬರೆದೆ. ನಿಜ ಹೇಳಬೇಕೆಂದರೆ ಸುಸ್ತಾಗಿದೆ. ಮಧ್ಯಾಹ್ನ ಹನ್ನೆರಡಕ್ಕೆ ಲೈಟು ಹಾಕಿಕೊಂಡು ಪೇಪರ್ ಓದಬೇಕು. ಅವರು ಪಾಯ ತೆಗೆದ ವಾರ ನಮ್ಮ ಹಾಲ್‌ನ ಗೋಡೆಯಲ್ಲಿ ಒಂದು ಬಿರುಕು ಬಂತು. ಮೊದಲು ಕೂದಲೆಳೆ ಹಾಗೆ ಇತ್ತು, ಈಗ ಒಂದು ರೂಪಾಯಿ ನಾಣ್ಯ ನಿಲ್ಲಿಸಿದರೆ ಒಳಗೆ ಹೋಗುತ್ತದೆ. ಹೋದ ನಾಣ್ಯ ಈಚೆಗೆ ಬರಲಿಲ್ಲ. ದೂರು ಕೊಟ್ಟೆ. ಒಬ್ಬರು ಬಂದರು, ಟೇಪು ಹಿಡಿದರು, ಫೋಟೋ ತೆಗೆದರು, ಪಕ್ಕದ ಮನೆಯಲ್ಲಿ ಜ್ಯೂಸ್ ಕುಡಿದರು, ಹೋಗುವಾಗ ನನಗೆ, "ಅಕ್ಕಪಕ್ಕದವರು ಚೆನ್ನಾಗಿರಬೇಕು ಸಾರ್" ಅಂತ ಬುದ್ಧಿ ಹೇಳಿದರು. ಆಮೇಲೆ ಬರಲಿಲ್ಲ. ಈ ಊರಲ್ಲಿ 2024ರ ಅಕ್ಟೋಬರಿನಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಕೂಲಿ ಮಾಡಲು ಬಂದವರು ಅವಶೇಷದಡಿ ಸತ್ತರು. ಒಂದು ವಾರ ಎಲ್ಲರೂ ಟೇಪು ಹಿಡಿದರು. ಆಮೇಲೆ ಟೇಪು ಸುರುಳಿ ಸುತ್ತಿಕೊಂಡು ಒಳಗೆ ಹೋಯಿತು. ಯಾರ ಮನೆಯನ್ನೂ ಒಡೆಯಬೇಕು ಅಂತ ನಾನು ಕೇಳುತ್ತಿಲ್ಲ. ಪಾಯ ತೆಗೆಯುವ ದಿನ ಒಬ್ಬ ಬಂದು ನಿಂತು ಇಲ್ಲಿ ಬೇಡ, ಅಲ್ಲಿ ತೆಗಿ ಅಂದಿದ್ದರೆ ಸಾಕಿತ್ತು. ಅಷ್ಟಕ್ಕೇ ಅಲ್ವಾ ಸಂಬಳ ಕೊಡುವುದು.

ಸಾರವೆಗೆ ಏನು ಹೇಳಿದೆ ಅಂತ ಕೇಳುತ್ತೀರಿ. ಹೂಂ ಅಂದೆ. ಬೇಡ ಅಂದರೆ ಅವರ ಗೋಡೆಯ ತೇವ ನಮ್ಮ ಕಡೆಗೇ ಬರುತ್ತದೆ, ಜೊತೆಗೆ ಹಣ್ಣು ಆಗಲೇ ಮಕ್ಕಳು ತಿಂದಾಗಿತ್ತು. ಈಗ ನನ್ನ ಮೂರಡಿಯಲ್ಲಿ ಸರ್ವೆ ಮರದ ಗಳ ನಿಂತಿವೆ. ಮೇಸ್ತ್ರಿ ನಮ್ಮ ನಲ್ಲಿಯ ನೀರಲ್ಲೇ ಸಿಮೆಂಟು ಕಲಸುತ್ತಾನೆ. ಎರಡನೇ ಅಂತಸ್ತಿನ ಮಟ್ಟದಲ್ಲಿ ಕೂತು ಬೀಡಿ ಸೇದುತ್ತಾ ನಮ್ಮ ಟೀವಿಯಲ್ಲಿ ಕ್ರಿಕೆಟ್ ನೋಡುತ್ತಾನೆ, ಸ್ಕೋರು ಕಾಣದಿದ್ದರೆ ಪರದೆ ಸರಿಸಿ ಅಂತ ಕೇಳುತ್ತಾನೆ.

ನಿನ್ನೆ ಸಂಜೆ ಯಜಮಾನರು ಮತ್ತೆ ಬಂದರು. ಈ ಸಲ ಕೈಯಲ್ಲಿ ಬಣ್ಣದ ಕಂಪನಿಯ ಪುಸ್ತಕ.

"ಸಾರ್, ಈ ಕಡೆ ಗೋಡೆ ನಮಗಂತೂ ಕಾಣೋದೇ ಇಲ್ಲ. ದಿನಾ ನೋಡೋರು ನೀವು. ನಿಮಗೆ ಯಾವ ಬಣ್ಣ ಇಷ್ಟ ಹೇಳಿ, ಅದನ್ನೇ ಹೊಡೆಸೋಣ."

ನಾನು ಏನು ಹೇಳಬೇಕೋ ತಿಳಿಯದೆ ಹೆಂಡತಿ ಮುಖ ನೋಡಿದೆ. ಅವಳು ಪುಸ್ತಕ ತಿರುವಿ, ಆಕಾಶನೀಲಿಯ ಮೇಲೆ ಬೆರಳಿಟ್ಟಳು.

"ಒಳ್ಳೆ ಸೆಲೆಕ್ಷನ್ ಮೇಡಂ" ಅಂದರು ಅವರು. ಮೊಬೈಲ್ ತೆಗೆದು ಏನೋ ಗುಣಿಸಿದರು. "ಎರಡು ಕೋಟ್ ಬಣ್ಣಕ್ಕೆ ಹದಿನೆಂಟು ಸಾವಿರ ಆಗುತ್ತೆ. ನೋಡೋದು ನೀವೇ ಅಲ್ವಾ, ಅದೊಂದು ನೀವು ನೋಡ್ಕೊಂಡುಬಿಡಿ."