ಇಳಿಜಾರಿನಲ್ಲಿ ಯಾವ ಲಿವರ್ ಎಳೆಯಬೇಕು?

ನಿಮಗೊಂದು ಪ್ರಶ್ನೆ. ಹಳೆ ಚೈನ್ ಡೋಜರ್ (ಚಕ್ರದ ಬದಲು ಚೈನ್ ಮೇಲೆ ಓಡಿ ಮಣ್ಣು ದೂಡುವ ಗಾಡಿ) ಒಂದು ಇಳಿಜಾರಿನಲ್ಲಿ ಇಳಿಯುತ್ತಿದೆ. ಎಡಕ್ಕೆ ತಿರುಗಬೇಕು. ಕೈಗೆ ಎರಡು ಲಿವರ್, ಕಾಲಿಗೆ ಎರಡು ಬ್ರೇಕ್. ಯಾವ ಲಿವರ್ ಎಳೆಯುತ್ತೀರಿ?

ನಾನು ಎಡದ್ದು ಅಂದೆ. ಅಪ್ಪ ತಲೆ ಅಲ್ಲಾಡಿಸಿದರು. "ಬರೀ ಅದನ್ನ ಎಳೆದ್ರೆ ಗಾಡಿ ಬಲಕ್ಕೆ ಹೋಗ್ತದೆ ಕಣೋ."

ಆಮೇಲೆ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚೈನ್‌ಗಳ ಥರ ಇಟ್ಟು ತೋರಿಸಿದರು. ಸಮ ನೆಲದಲ್ಲಿ ಇಂಜಿನ್ ಎರಡೂ ಚೈನನ್ನು ಮುಂದಕ್ಕೆ ದೂಡುತ್ತದೆ. ಎಡದ ಲಿವರ್ ಎಳೆದರೆ ಎಡದ ಚೈನನ್ನು ಇಂಜಿನ್‌ಗೆ ಜೋಡಿಸುವ ಕ್ಲಚ್ ಬಿಡುತ್ತದೆ, ಬಲದ ಚೈನ್ ಮಾತ್ರ ಓಡುತ್ತದೆ, ಗಾಡಿ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಹಾಗಲ್ಲ. ಅಲ್ಲಿ ಇಂಜಿನ್ ಗಾಡಿಯನ್ನು ದೂಡುವುದಿಲ್ಲ, ಹಿಡಿದು ನಿಲ್ಲಿಸುತ್ತಿರುತ್ತದೆ. ಎಡದ ಕ್ಲಚ್ ಬಿಟ್ಟ ತಕ್ಷಣ ಆ ಕಡೆಗೆ ಹಿಡಿತವೇ ಇಲ್ಲ. ಎಡದ ಚೈನ್ ಜೋರಾಗಿ ಉರುಳುತ್ತದೆ, ಬಲದ್ದು ನಿಧಾನ. ಗಾಡಿ ಬಲಕ್ಕೆ! ಹಾಗಾಗಿ ಇಳಿಜಾರಿನಲ್ಲಿ ಬಲದ ಲಿವರ್ ಎಳೆಯಬೇಕು. ಇಲ್ಲವೇ ಎಡದ ಲಿವರ್ ಎಳೆದು ಎಡದ ಬ್ರೇಕನ್ನೂ ಒತ್ತಬೇಕು.

ಅಪ್ಪನಿಗೆ ಈಗ 78 ವರ್ಷ. ಡೋಜರ್‌ನಿಂದ ಇಳಿದು ಎಷ್ಟೋ ವರ್ಷ ಆಯಿತು. ಆದರೂ ಆ ಕೈಗಳು ಒಂದು ಕ್ಷಣವೂ ಯೋಚಿಸಲಿಲ್ಲ. ಆವತ್ತಿನಿಂದ ನನಗೆ ಒಂದೇ ಚಿಂತೆ. ಈ ಕೈಗಳಲ್ಲಿ ಇರುವುದನ್ನು ನಾವು ಎಲ್ಲಿ ಬರೆದಿಟ್ಟಿದ್ದೇವೆ?

ಅವರು ಮೊದಲು ಹೆಲ್ಪರ್ ಆಗಿ ಸೇರಿದ್ದು ಹಳೆಯ ಕ್ಯಾಟರ್‌ಪಿಲ್ಲರ್ ಡಿ8 ಮೇಲೆ. ಅದನ್ನು ಚಾಲೂ ಮಾಡುವುದೇ ದೊಡ್ಡ ಕೆಲಸವಂತೆ. ಈಗಿನ ಹಾಗೆ ಕೀಲಿ ತಿರುಗಿಸಿದರೆ ಆಗುತ್ತಿರಲಿಲ್ಲ. ದೊಡ್ಡ ಡೀಸೆಲ್ ಇಂಜಿನ್ ಪಕ್ಕದಲ್ಲಿ ಎರಡು ಸಿಲಿಂಡರಿನ ಪುಟ್ಟ ಪೆಟ್ರೋಲ್ ಇಂಜಿನ್ ಇರುತ್ತಿತ್ತು. ಅದಕ್ಕೆ ಪೋನಿ ಇಂಜಿನ್ ಅಂತ ಹೆಸರು. ಮೊದಲು ಅದನ್ನು ಕೈಯಿಂದ ತಿರುಗಿಸಿ ಎಬ್ಬಿಸಬೇಕು. ಅದರ ಬಿಸಿ ನೀರು ದೊಡ್ಡ ಇಂಜಿನ್‌ಗೂ ಹರಿದು ಅದನ್ನು ಬೆಚ್ಚಗೆ ಮಾಡುತ್ತದೆ. ಆಮೇಲೆ ಡೀಸೆಲ್ ಇಂಜಿನ್‌ನ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಗಾಳಿಯ ಒತ್ತಡ, ಬಿಡಿಸಿ, ಪೋನಿಯಿಂದ ಅದನ್ನು ಸುಮ್ನೆ ತಿರುಗಿಸುತ್ತಾ ಇರಬೇಕು. ಆಯಿಲ್ ಎಲ್ಲಾ ಕಡೆ ಹೋದ ಮೇಲೆ ಕಂಪ್ರೆಷನ್ ಕೊಟ್ಟು ಡೀಸೆಲ್ ಬಿಡಬೇಕು. ಚಳಿಗಾಲದ ಬೆಳಗ್ಗೆ ಆ ಪುಟ್ಟ ಇಂಜಿನ್‌ನ ಕಿರುಚಾಟ, ಅದರ ಹಿಂದೆಯೇ ದೊಡ್ಡದರ ಗುಡುಗು. ಅಪ್ಪ ಆ ಎರಡು ಸದ್ದನ್ನೂ ಬಾಯಲ್ಲೇ ಮಾಡಿ ತೋರಿಸಿದರು. ನಾನು ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಂಡೆ. ನನ್ನ ಹತ್ತಿರ ಇರುವ ಫೈಲುಗಳಲ್ಲಿ ಇದಕ್ಕಿಂತ ಬೆಲೆಬಾಳುವುದು ಇನ್ನೊಂದಿಲ್ಲ.

ಆಮೇಲೆ ಅವರ ಪಾಲಿಗೆ ಬಂದದ್ದು ಬೆಮೆಲ್‌ನ ಡಿ80. ಇದು ನಮ್ಮದೇ ನೆಲದ ಕಥೆ. 1964ರಲ್ಲಿ ಶುರುವಾದ ಭಾರತ್ ಅರ್ತ್ ಮೂವರ್ಸ್, ಅಂದರೆ ಬೆಮೆಲ್, ಜಪಾನಿನ ಕೊಮಾಟ್ಸು ಜೊತೆ ಸೇರಿ ಕೆಜಿಎಫ್‌ನಲ್ಲಿ ಡೋಜರ್ ಮಾಡಿತು. ಡಂಪರ್‌ಗಳು ಮೈಸೂರಿನಿಂದ ಬಂದವು. ಕೆಜಿಎಫ್ ಅಂದರೆ ಎಲ್ಲರಿಗೂ ಚಿನ್ನದ ಗಣಿ ನೆನಪಾಗುತ್ತದೆ. ಆ ಗಣಿ 2001ರಲ್ಲಿ ಮುಚ್ಚಿತು. ಆದರೆ ಅದೇ ಊರಿನಿಂದ ಹೊರಟ ಡೋಜರ್‌ಗಳು ದೇಶದ ಕಲ್ಲಿದ್ದಲು ಗಣಿಗಳಲ್ಲಿ, ಅಣೆಕಟ್ಟುಗಳಲ್ಲಿ, ಸೇನೆಯಲ್ಲಿ ಮಣ್ಣು ದೂಡಿವೆ. ಅಪ್ಪನ ಡಿ80 ಹೇಮಾವತಿ ನಾಲೆಗಾಗಿ ಮಣ್ಣು ದೂಡಿತು. ಇವತ್ತು ಆ ನಾಲೆಯ ನೀರಲ್ಲಿ ಭತ್ತ ಬೆಳೆಯುವ ಎಷ್ಟು ಜನಕ್ಕೆ ಅದು ಗೊತ್ತು?

ನಾಲ್ಕು ವರ್ಷದ ಹಿಂದೆ ಅಪ್ಪ ಕೆಲಸ ಮಾಡಿದ ಕಂಟ್ರಾಕ್ಟರ್ ಯಾರ್ಡ್ ಮಾರಾಟ ಆಯಿತು. ನಾನು ಲಾಗ್‌ಬುಕ್‌ಗಳನ್ನು ಕೇಳೋಣ ಅಂತ ಹೋದೆ. ಎರಡು ದಿನ ತಡವಾಗಿತ್ತು. ಅಷ್ಟೂ ಚೀಲಕ್ಕೆ ತುಂಬಿ ರದ್ದಿಗೆ ಹಾಕಿದ್ದರು, ಕೆಜಿ ಲೆಕ್ಕದಲ್ಲಿ. ಇಪ್ಪತ್ತೈದು ಮೂವತ್ತು ವರ್ಷದ ಲಾಗ್‌ಬುಕ್! ಯಾವ ದಿನ ಯಾವ ಗಾಡಿ ಎಲ್ಲಿ ಎಷ್ಟು ಗಂಟೆ ಓಡಿತು, ಎಷ್ಟು ಲೀಟರ್ ಡೀಸೆಲ್ ಕುಡಿಯಿತು, ಯಾವಾಗ ಚೈನ್ ಕೆಳಗಿನ ರೋಲರ್ ಹೋಯಿತು, ಚೈನಿನ ಪಿನ್ ಬುಶ್ ಯಾವಾಗ ತಿರುಗಿಸಿ ಹಾಕಿದರು, ಎಲ್ಲಾ ಅದರಲ್ಲಿತ್ತು. ನಮ್ಮ ನಾಲೆ ಪ್ರತಿ ದಿನ ಎಷ್ಟು ಮುಂದೆ ಹೋಯಿತು ಅನ್ನುವ ಲೆಕ್ಕ ಅದು. ಯಾರ್ಡಿನವರ ಮೇಲೆ ನನಗೆ ಸಿಟ್ಟಿಲ್ಲ. ಅದು ಇತಿಹಾಸ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಆ ನೋವು ಇನ್ನೂ ಹೋಗಿಲ್ಲ.

ಅಮೆರಿಕದಲ್ಲಿ ಇದನ್ನೇ ಮನಸ್ಸಿಟ್ಟು ಮಾಡುವ ಜನ ಇದ್ದಾರೆ. ಒಹಾಯೊ ರಾಜ್ಯದ ಬೌಲಿಂಗ್ ಗ್ರೀನ್ ಊರಿನಲ್ಲಿ ಹಳೆ ಕಟ್ಟಡ ಯಂತ್ರಗಳ ಆಸಕ್ತರ ಸಂಘ ಒಂದಿದೆ, 1985ರಲ್ಲಿ ಶುರುವಾದದ್ದು. ಅವರು ಯಂತ್ರ ಮಾತ್ರ ಕೂಡಿಡುವುದಿಲ್ಲ. ಕಂಪನಿಗಳ ಕ್ಯಾಟಲಾಗ್, ಪಾರ್ಟ್ಸ್ ಬುಕ್, ಫೋಟೋ, ಮ್ಯಾನುಯಲ್ ಎಲ್ಲಾ ಜೋಪಾನ ಮಾಡುತ್ತಾರೆ. ಅಲ್ಲಿನ ಆಸಕ್ತರು ಸೀರಿಯಲ್ ನಂಬರಿನ ಮೊದಲ ಅಕ್ಷರ ನೋಡಿಯೇ ಗಾಡಿಯ ಜಾತಕ ಹೇಳುತ್ತಾರೆ. ಡಿ8ರ ಪ್ಲೇಟಿನಲ್ಲಿ 2ಯು ಅಂತ ಇದ್ದರೆ ಅದು 1945ರಿಂದ ಈಚೆಯದು. ಕ್ಯಾಟರ್‌ಪಿಲ್ಲರ್ ಕಂಪನಿ ಬೂದು ಬಣ್ಣ ಬಿಟ್ಟು ಹಳದಿಗೆ ಬಂದದ್ದು 1931ರ ಡಿಸೆಂಬರ್‌ನಲ್ಲಿ ಅನ್ನುವುದೂ ಅವರಿಗೆ ಬಾಯಿಪಾಠ.

ಅಲ್ಲೂ ಎಲ್ಲವೂ ಉಳಿದಿಲ್ಲ. ಬಿಗ್ ಮಸ್ಕಿ ಅನ್ನುವ ಡ್ರ್ಯಾಗ್‌ಲೈನ್, ಅಂದರೆ ಹಗ್ಗಕ್ಕೆ ಕಟ್ಟಿದ ಬಕೆಟ್ ಎಳೆದು ಮಣ್ಣು ಬಾಚುವ ದೈತ್ಯ ಯಂತ್ರ, ಅದೇ ಒಹಾಯೊದಲ್ಲಿ ಕಲ್ಲಿದ್ದಲಿನ ಮೇಲಿನ ಮಣ್ಣು ತೆಗೆಯುತ್ತಿತ್ತು. ಅದರ ಬಕೆಟ್ ಒಂದೇ 220 ಘನ ಗಜ. ಉಳಿಸಬೇಕು ಅಂತ ಜನ ತುಂಬಾ ಕೇಳಿಕೊಂಡರು. ಆದರೂ 1999ರಲ್ಲಿ ಅದನ್ನು ಒಡೆದು ಗುಜರಿಗೆ ಹಾಕಿದರು. ಈಗ ಬಕೆಟ್ ಮಾತ್ರ ಒಂದು ಪಾರ್ಕಿನಲ್ಲಿ ಇದೆ. ಕಾನ್ಸಾಸ್‌ನ ಬಿಗ್ ಬ್ರೂಟಸ್ ಅನ್ನುವ, ಗಣಿ ಅಗೆಯುವ ಶಾವೆಲ್‌ಗೆ ಅದೃಷ್ಟ ಇತ್ತು. ಅದು ಇಡೀ ಆಕಾರದಲ್ಲಿ ಮ್ಯೂಸಿಯಂ ಆಗಿ ನಿಂತಿದೆ.

ನಮ್ಮಲ್ಲೂ ಹೇಳಬೇಕಾದ ಕಥೆ ಜಾಸ್ತಿ ಇದೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಧ್ಯ ಭಾರತದ ಲಕ್ಷಾಂತರ ಎಕರೆಗೆ ಕಾಂಸ್ ಹುಲ್ಲು ಹಬ್ಬಿತ್ತು. ಅದರ ಬೇರು ಎಷ್ಟು ಆಳ ಅಂದರೆ ಎತ್ತಿನ ನೇಗಿಲಿಗೆ ಬಗ್ಗುತ್ತಿರಲಿಲ್ಲ. ಮಹಾಯುದ್ಧ ಮುಗಿದು ಅಮೆರಿಕದ ಸೇನೆ ಬಿಟ್ಟುಹೋದ ಚೈನ್ ಟ್ರ್ಯಾಕ್ಟರ್‌ಗಳಿಂದ ಅದನ್ನು ಕಿತ್ತು ಹಾಕುವ ಕೆಲಸ ಶುರುವಾಯಿತು. 1949ರಲ್ಲಿ ಇದಕ್ಕೆ ಬೇಕಾದ ಯಂತ್ರಗಳಿಗಾಗಿ ಭಾರತ ವಿಶ್ವಬ್ಯಾಂಕಿನಿಂದ 1 ಕೋಟಿ ಡಾಲರ್ ಸಾಲವನ್ನೇ ತಂದಿತು. ಆ ಗಾಡಿ ಓಡಿಸಿದವರಲ್ಲಿ ಒಬ್ಬರ ಹೆಸರಾದರೂ ನಾವು ಶಾಲೆಯಲ್ಲಿ ಓದಿದ್ದೇವಾ?

ನಮ್ಮ ಭಾಷೆಯೇ ಒಂದು ದಾಖಲೆ, ನೋಡಿ. ಹಳ್ಳಿಯಲ್ಲಿ ಯಾವ ಕಂಪನಿಯ ಎಕ್ಸ್‌ಕವೇಟರ್ ಬಂದರೂ ಅದು 'ಹಿಟಾಚಿ'. ಕೆಲವರ ಬಾಯಲ್ಲಿ ಇನ್ನೂ 'ಪೊಕ್ಲೇನ್' ಇದೆ. ಅದು ಫ್ರಾನ್ಸಿನ ಕಂಪನಿಯ ಹೆಸರು, ಎಲ್ ಅಂಡ್ ಟಿ ಮೂಲಕ ನಮ್ಮಲ್ಲಿಗೆ ಬಂದದ್ದು. ಆ ಹೆಸರಿನ ಗಾಡಿ ಬರುವುದು ನಿಂತು ಬಹಳ ಕಾಲ ಆಯಿತು. ಹೆಸರು ಮಾತ್ರ ನಮ್ಮೂರ ಕೆರೆ ಏರಿ ಮೇಲೆ ಇನ್ನೂ ಓಡಾಡುತ್ತಿದೆ.

ಒಬ್ಬ ಗೆಳೆಯ ಕೇಳಿದ, ಈ ಯಂತ್ರಗಳು ಬಂದು ಮಣ್ಣಿನ ಕೆಲಸದವರ ಅನ್ನ ಹೋಯಿತಲ್ಲ, ಬೆಟ್ಟಗಳು ಹೋದವಲ್ಲ, ಅದನ್ನೂ ಹೊಗಳಬೇಕಾ ಅಂತ. ಅವನ ಮಾತು ನಿಜ. ಕನ್ನಂಬಾಡಿ ಕಟ್ಟೆ 1911ರಿಂದ ಸುಮಾರು ಇಪ್ಪತ್ತು ವರ್ಷ ಸಾವಿರಾರು ಜನರ ಕೈಯಿಂದ ಎದ್ದಿತು. ಭೋವಿ ಸಮುದಾಯದ ಹಿರಿಯರು ಗುದ್ದಲಿ, ಬುಟ್ಟಿ ಹಿಡಿದು ಕಟ್ಟಿದ ಕೆರೆಗಳಿಗೆ ಲೆಕ್ಕವಿಲ್ಲ. ಬಳ್ಳಾರಿಯ ಬೆಟ್ಟಗಳಿಗೆ ಏನಾಯಿತು ಅಂತಲೂ ಎಲ್ಲರಿಗೂ ಗೊತ್ತು. ಅದಕ್ಕೇ ದಾಖಲೆ ಬೇಕು ಅನ್ನುತ್ತೇನೆ ನಾನು. ಬುಟ್ಟಿ ಹೊತ್ತವರದ್ದೂ ಇರಲಿ, ಲಿವರ್ ಎಳೆದವರದ್ದೂ ಇರಲಿ. ಲಾಗ್‌ಬುಕ್ ಇಲ್ಲದಿದ್ದರೆ ಯಾವ ಬೆಟ್ಟ ಎಷ್ಟು ದಿನದಲ್ಲಿ ಕರಗಿತು ಅಂತ ಮೊಮ್ಮಕ್ಕಳಿಗೆ ಹೇಗೆ ತೋರಿಸುವುದು?

ಬೆಂಗಳೂರಿನಲ್ಲಿ ಎಚ್‌ಎಎಲ್‌ನ ವಿಮಾನ ಮ್ಯೂಸಿಯಂ ಇದೆ, ಮೈಸೂರಿನಲ್ಲಿ ರೈಲು ಮ್ಯೂಸಿಯಂ ಇದೆ. ಮಕ್ಕಳನ್ನು ಎರಡಕ್ಕೂ ಕರೆದುಕೊಂಡು ಹೋಗಿದ್ದೇನೆ. ಕೆಜಿಎಫ್‌ನ ಡೋಜರ್‌ಗೂ, ಮೈಸೂರಿನ ಡಂಪರ್‌ಗೂ ಅಂಥದ್ದೇ ಒಂದು ಜಾಗ ಬೇಕು. ಅದು ಆಗುವವರೆಗೆ ಕಾಯುವಷ್ಟು ಟೈಮ್ ನಮ್ಮ ಹಿರಿಯರಿಗಿಲ್ಲ.

ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಹಳೆ ಆಪರೇಟರ್, ಮೆಕ್ಯಾನಿಕ್, ಹೆಲ್ಪರ್ ಇದ್ದರೆ ದಯವಿಟ್ಟು ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಫೋನ್ ಆನ್ ಮಾಡಿ. "ಮೊದಲ ಗಾಡಿ ಯಾವುದು?" ಅಂತ ಕೇಳಿ, ಸಾಕು. ಗುಜರಿ ಅಂಗಡಿಯಲ್ಲಿ ಹಳೆ ಡೋಜರ್ ಕಂಡರೆ ಸೀರಿಯಲ್ ನಂಬರಿನ ಪ್ಲೇಟಿನ ಫೋಟೋ ತೆಗೆಯಿರಿ. ಪಾರ್ಟ್ಸ್ ಬುಕ್ ಸಿಕ್ಕರೆ ಗ್ರೀಸ್ ಕಲೆ ಇದೆ ಅಂತ ಬಿಸಾಡಬೇಡಿ, ಹಾಳೆ ಹಾಳೆಯೂ ಫೋಟೋ ತೆಗೆದಿಡಿ.

ಮುಂದಿನ ಭಾನುವಾರ ನಾನು ತಿಪಟೂರಿಗೆ ಹೋಗುತ್ತಿದ್ದೇನೆ. ಅಪ್ಪನ ಡಿ80ಗೆ ಹೆಲ್ಪರ್ ಆಗಿದ್ದವರು ಅಲ್ಲಿದ್ದಾರೆ. ಅವರ ಅಟ್ಟದ ಮೇಲೆ ಒಂದು ಪಾರ್ಟ್ಸ್ ಬುಕ್ಕೂ, ಎರಡು ಲಾಗ್‌ಬುಕ್ಕೂ ಇದೆಯಂತೆ. ಮಂಡಿ ನೋವು ಅಂತ ಮದುವೆಗೂ ಹೋಗದ ಅಪ್ಪ, "ನಾನೂ ಬತ್ತೀನಿ, ಬೆಳಗ್ಗೆನೇ ಹೊರಡಾಣ" ಅಂದಿದ್ದಾರೆ.