ಹಗ್ಗ ಮಾತ್ರ ಕೊಡಬಾರದು

"ಚೆನ್ನಾಗಿದೆ ಅಂತೀಯ. ಮತ್ತೆ ಯಾಕೋ ಮಾರ್ತೀಯ?"

ತುಮಕೂರಿನಿಂದ ಅಮ್ಮ ಫೋನಿನಲ್ಲಿ ಹೀಗೆ ಕೇಳಿದಾಗ ನಾನು ಸಿಗ್ನಲ್ ಇಲ್ಲದವನ ಹಾಗೆ "ಹಲೋ, ಹಲೋ" ಅಂದೆ. ಕೆಟ್ಟಿದೆ, ಮಾರುತ್ತೇನೆ ಅಂದರೆ ಯಾರಿಗಾದರೂ ಅರ್ಥವಾಗುತ್ತದೆ. ದುಡ್ಡು ಬೇಕಿತ್ತು ಅಂದರೂ ಅರ್ಥವಾಗುತ್ತದೆ. ಇನ್ನೊಂದು ಬರುವುದಿದೆ, ಮನೆಯಲ್ಲಿ ಜಾಗ ಇಲ್ಲ, ಅದಕ್ಕೇ ಚೆನ್ನಾಗಿರುವುದನ್ನು ಮಾರುತ್ತಿದ್ದೇನೆ ಅಂತ ಅಮ್ಮನಿಗೆ ಹೇಗೆ ಹೇಳಲಿ? ನಾನು ಹೈಸ್ಕೂಲಿನಲ್ಲಿದ್ದಾಗ ತಂದ ಮಿಕ್ಸಿ ಸುಟ್ಟುಹೋಗಿ ಎಷ್ಟೋ ವರ್ಷವಾಯಿತು. ಅದು ಇನ್ನೂ ಊರಿನ ಮನೆಯ ಅಟ್ಟದ ಮೇಲಿದೆ.

ಮಾರಲು ಹೊರಟದ್ದು ಒಂದು ಕಾರು. ಮಾಜ್ದಾ ಮಿಯಾಟಾ, 1999ರದ್ದು, ಕೆಂಪು ಬಣ್ಣ. ಎರಡೇ ಸೀಟು. ಮೇಲಿನದು ಬಟ್ಟೆಯ ಟಾಪು. ಎರಡು ಕೊಂಡಿ ಬಿಚ್ಚಿದರೆ, ಕೂತಲ್ಲಿಂದಲೇ ಒಂದು ಕೈಯಲ್ಲಿ ಹಿಂದಕ್ಕೆ ಮಡಚಿ ಹಾಕಬಹುದು. ಎಂಜಿನ್ 1.8 ಲೀಟರ್, ಶಕ್ತಿ 140 ಹಾರ್ಸ್‌ಪವರ್. ಈಗ ಇಲ್ಲಿ ಮಕ್ಕಳನ್ನು ಸ್ಕೂಲಿಗೆ ಬಿಡುವ ವ್ಯಾನುಗಳಿಗೇ ಇದರ ಎರಡರಷ್ಟು ಇರುತ್ತದೆ. ಆದರೆ ಈ ಕಾರಿನ ತೂಕ ಒಂದು ಟನ್ನಿಗಿಂತ ತುಸು ಜಾಸ್ತಿ, ಅಷ್ಟೇ. ಐವತ್ತು ಮೈಲಿ ವೇಗದಲ್ಲಿ ಹೋಗುವಾಗಲೂ ಏನೋ ದೊಡ್ಡ ಸಾಹಸ ಮಾಡುತ್ತಿದ್ದೇವೆ ಅನ್ನಿಸುತ್ತದೆ. ಪೊಲೀಸರಿಗೆ ಮಾತ್ರ ಹಾಗೆ ಅನ್ನಿಸುವುದಿಲ್ಲ. ಇದಕ್ಕಿಂತ ಒಳ್ಳೆಯ ಸ್ಪೋರ್ಟ್ಸ್ ಕಾರು ಇನ್ನೇನು ಬೇಕು?

ಇದು ಹುಟ್ಟಿದ್ದು ಒಬ್ಬ ಪತ್ರಕರ್ತನ ಹರಟೆಯಿಂದ. ಬ್ರಿಟಿಷರು ಮಾಡುತ್ತಿದ್ದ ಚಿಕ್ಕ ತೆರೆದ ಕಾರುಗಳು ಎಣ್ಣೆ ಸೋರಿಸಿಕೊಂಡು, ಮಳೆ ನೀರು ಒಳಗೆ ಬಿಟ್ಟುಕೊಂಡು, ಒಂದೊಂದಾಗಿ ಕಣ್ಣು ಮುಚ್ಚುತ್ತಿದ್ದ ಕಾಲ ಅದು. ಬಾಬ್ ಹಾಲ್ ಅನ್ನುವ ಅಮೆರಿಕದ ಪತ್ರಕರ್ತ ಮಾಜ್ದಾ ಕಂಪನಿಯ ಯಮಾಮೊಟೊ ಅವರ ಮುಂದೆ, ಅಂಥದ್ದೊಂದು ಕಾರನ್ನು ನೀವೇ ಯಾಕೆ ಮಾಡಬಾರದು ಅಂದನಂತೆ. ಅವರು ಮಾಡಿಯೇಬಿಟ್ಟರು. 1989ರ ಫೆಬ್ರವರಿಯಲ್ಲಿ ಚಿಕಾಗೊ ಪ್ರದರ್ಶನದಲ್ಲಿ ಮೊದಲ ಮಿಯಾಟಾ ಕಾಣಿಸಿಕೊಂಡಿತು. 2016ರಲ್ಲಿ ಹಿರೋಷಿಮಾದಲ್ಲಿ ಹತ್ತು ಲಕ್ಷನೆಯದು ತಯಾರಾಯಿತು. ಅದನ್ನು ಮಾಡಿದವರು 'ಜಿನ್ಬಾ ಇತ್ತಾಯಿ' ಅನ್ನುತ್ತಿದ್ದರು. ಕುದುರೆ ಮತ್ತು ಸವಾರ ಒಂದೇ ಮೈ ಆಗುವುದು ಅಂತ ಅರ್ಥ. ಕುದುರೆಯ ವಿಷಯ ನನಗೆ ಗೊತ್ತಿಲ್ಲ. ನಮ್ಮ ತಾತನ ಮನೆಯಲ್ಲಿ ಇದ್ದದ್ದು ಎತ್ತು. ಆ ಕಥೆಗೆ ಆಮೇಲೆ ಬರುತ್ತೇನೆ.

ನಾವಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರ. ಚಳಿಗಾಲದಲ್ಲಿ ಹಿಮ ಕರಗಲಿ ಅಂತ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಚಿಟಿಕೆಯಲ್ಲ, ಲಾರಿಗಟ್ಟಲೆ. ಡೆಟ್ರಾಯಿಟ್ ಊರಿನ ಕೆಳಗೆ ಸಾವಿರ ಅಡಿಗಿಂತ ಆಳದಲ್ಲಿ ಉಪ್ಪಿನ ಗಣಿಯೇ ಇದೆ. ಮೇಲೆ ಕಾರು ಮಾಡುವ ಊರು, ಕೆಳಗೆ ಕಾರು ತಿನ್ನುವ ಉಪ್ಪು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತೇವಲ್ಲ, ಇಲ್ಲಿ ಉಪ್ಪು ತಿಂದ ಕಾರು ತುಕ್ಕು ಹಿಡಿಯಲೇಬೇಕು.

ಹಾಗಾಗಿ ನವೆಂಬರ್ ಬಂತೆಂದರೆ ನನ್ನ ಕಾರಿಗೆ ಬಾಣಂತನ. ಪೆಟ್ರೋಲ್ ತುಂಬಿಸಿ, ಅದು ಕೆಡದ ಹಾಗೆ ಔಷಧಿ ಹಾಕುತ್ತೇನೆ. ಚಕ್ರ ಚಪ್ಪಟೆಯಾಗದ ಹಾಗೆ ಗಾಳಿ ಸ್ವಲ್ಪ ಜಾಸ್ತಿ ಹೊಡೆಯುತ್ತೇನೆ. ಬ್ಯಾಟರಿ ಇರುವುದು ಹಿಂದೆ ಡಿಕ್ಕಿಯಲ್ಲಿ. ಅದಕ್ಕೊಂದು ಪುಟ್ಟ ಚಾರ್ಜರ್ ಸಿಗಿಸುತ್ತೇನೆ. ಇಲಿ ಸೇರದಂತೆ ಹೊಗೆ ಕೊಳವೆಯ ಬಾಯಿಗೆ ಸ್ಟೀಲ್ ಉಣ್ಣೆ ತುರುಕುತ್ತೇನೆ. ಮೇಲೊಂದು ಹೊದಿಕೆ. ಏಪ್ರಿಲ್‌ನಲ್ಲಿ ಎರಡು ಒಳ್ಳೆಯ ಮಳೆ ಬಂದು ರಸ್ತೆಯ ಉಪ್ಪೆಲ್ಲ ತೊಳೆದುಹೋಗುವ ತನಕ ಹೊರಗೆ ತೆಗೆಯುವುದಿಲ್ಲ. ಹೀಗೆ ಹನ್ನೆರಡು ಚಳಿಗಾಲ. ಲೆಕ್ಕ ಹಾಕಿದರೆ ಕಾರನ್ನು ಓಡಿಸಿದ್ದಕ್ಕಿಂತ ಮಲಗಿಸಿದ್ದೇ ಜಾಸ್ತಿ.

ಇನ್ನೊಂದು ಗುಟ್ಟಿನ ಕೆಲಸ ಇದೆ. ಟಾಪಿನ ಮೇಲೆ ಬಿದ್ದ ಮಳೆ ನೀರು, ಸೀಟಿನ ಹಿಂದೆ ಎರಡು ಕಡೆ ಇರುವ ತೂತುಗಳಿಂದ ಕೆಳಗೆ ಇಳಿದು ಹೋಗಬೇಕು. ಎಲೆ, ಧೂಳು ಸೇರಿ ಆ ತೂತು ಕಟ್ಟಿಕೊಂಡರೆ ನೀರು ಒಳಗೇ ನಿಂತು, ಹಿಂದಿನ ಚಕ್ರದ ಮುಂದಿರುವ ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಗುಳ್ಳೆ ಕಾಣಿಸುವ ಹೊತ್ತಿಗೆ ಕಥೆ ಮುಗಿದಿರುತ್ತದೆ. ನಾನು ಹುಲ್ಲು ಕತ್ತರಿಸುವ ಯಂತ್ರದ ದಪ್ಪ ಪ್ಲಾಸ್ಟಿಕ್ ದಾರವನ್ನು ತೂತಿನೊಳಗೆ ಬಿಟ್ಟು, ಮೇಲೆ ಕೆಳಗೆ ಆಡಿಸಿ, ಒಂದು ಲೋಟ ನೀರು ಹಾಕಿ, ಅದು ಚಕ್ರದ ಪಕ್ಕ ಬಂದು ಬೀಳುತ್ತದೋ ಇಲ್ಲವೋ ಅಂತ ಮೊಣಕಾಲೂರಿ ನೋಡುತ್ತೇನೆ. ಮೊದಲ ಸಲ ಇದನ್ನು ಕಂಡ ನನ್ನ ಹೆಂಡತಿ ನಾನು ಅಭಿಷೇಕ ಮಾಡುತ್ತಿದ್ದೇನೆ ಅಂದುಕೊಂಡಿದ್ದಳು. ಆಯುಧಪೂಜೆಗೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಇಂಡಿಯನ್ ಅಂಗಡಿಯ ಬೂದುಗುಂಬಳಕಾಯಿ ಒಡೆಯುವವರ ಮನೆ ನಮ್ಮದು. ಹಾಗಾಗಿ ಅವಳು ತಪ್ಪು ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ.

ಇಂಥ ಕಾರನ್ನು ಯಾಕೆ ಮಾರುವುದು ಅನ್ನುವುದೇ ಅಮ್ಮನ ಪ್ರಶ್ನೆ ಅಲ್ವಾ. ಸರಿ, ಹೇಳಿಬಿಡುತ್ತೇನೆ. ಬರುವುದು ಇನ್ನೊಂದು ಮಿಯಾಟಾ. 1990ರದ್ದು. ಹಳೆಯದು.

ಆ ಹಳೆಯದಕ್ಕೆ ಮುಂದಿನ ದೀಪ ಕಾಣುವುದೇ ಇಲ್ಲ. ಬಾನೆಟ್ಟಿನೊಳಗೆ ಮಲಗಿರುತ್ತದೆ. ಗುಂಡಿ ಒತ್ತಿದರೆ ಎರಡೂ ಕಡೆ ಮುಚ್ಚಳ ಎದ್ದು, ಕಪ್ಪೆ ಕಣ್ಣು ಬಿಟ್ಟ ಹಾಗೆ ದೀಪ ಮೇಲೆ ಬರುತ್ತದೆ. ನನ್ನ ಕಾರಿನ ತಲೆಮಾರಿಗೆ ಅದನ್ನು ತೆಗೆದುಹಾಕಿಬಿಟ್ಟರು. ಕಾಲೇಜಿನಲ್ಲಿದ್ದಾಗ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆ ಪುಸ್ತಕದ ರಾಶಿಯಲ್ಲಿ ಒಂದು ವಿದೇಶಿ ಪತ್ರಿಕೆ ಸಿಕ್ಕಿತ್ತು. ಐದು ರೂಪಾಯಿ. ಅದರಲ್ಲಿ ಈ ಕಾರು ಕಣ್ಣು ಬಿಟ್ಟುಕೊಂಡು ನಿಂತಿದ್ದ ಫೋಟೊ ಇತ್ತು. ನಮ್ಮ ಬೀದಿಗೆ ಮಾರುತಿ 800 ಬಂದರೆ ಜನ ಹೊರಗೆ ಬಂದು ನೋಡುತ್ತಿದ್ದ ಕಾಲ. ಆ ಫೋಟೊ ಹಾಸ್ಟೆಲಿನ ಗೋಡೆಯ ಮೇಲೆ ಮೂರು ವರ್ಷ ಇತ್ತು.

"ಅಂದ್ರೆ ಇರೋದಕ್ಕಿಂತ ಒಂಬತ್ತು ವರ್ಷ ಹಳೇದು?" ಅಂದಳು ಹೆಂಡತಿ.

"ಹೂಂ."

"ಶಕ್ತಿ?"

"116. ಸ್ವಲ್ಪ ಕಡಿಮೆ."

"ಮಗನ್ನ ಮಾರಿ ಅಪ್ಪನ್ನ ತರ್ತಿದ್ದೀರ ಅನ್ನಿ."

ಎರಡನ್ನೂ ಇಟ್ಟುಕೊಳ್ಳಬಹುದಿತ್ತು ಅಂತ ನೀವು ಹೇಳಬಹುದು. ನಮ್ಮ ಗ್ಯಾರೇಜು ಎರಡು ಕಾರಿನದು. ಒಂದರಲ್ಲಿ ಅವಳ ಕಾರು. ಇನ್ನೊಂದರಲ್ಲಿ ಇದು. ಉಳಿದ ಸಂದಿಯಲ್ಲಿ ಸೋನಾ ಮಸೂರಿ ಚೀಲಗಳು, ಇಡ್ಲಿಗೆ ರುಬ್ಬುವ ಗ್ರೈಂಡರ್, ಮಗಳು ಬಿಟ್ಟುಹೋದ ಸೈಕಲ್ಲು, ಹಿಮ ತಳ್ಳುವ ಸಲಿಕೆ. ಇಲ್ಲಿ ಗ್ಯಾರೇಜಿನ ಹೊರಗೆ ಕಾರು ನಿಲ್ಲಿಸುವುದೆಂದರೆ ಉಪ್ಪಿಗೆ ನೈವೇದ್ಯ ಇಟ್ಟಂತೆ. ಜಾಗ ಅನ್ನುವುದು ಅಳತೆಯ ಮಾತು, ವಾದಕ್ಕೆ ಬರುವುದಿಲ್ಲ.

ಒಂದು ಶನಿವಾರ ಕಾರು ತೊಳೆದು, ಫೋಟೊ ತೆಗೆದು, ಜಾಹೀರಾತು ಬರೆದೆ. ಬರೆಯುವಾಗ ಒಂದು ಹುಚ್ಚು ಹಿಡಿಯಿತು, ಸತ್ಯ ಹೇಳುವ ಹುಚ್ಚು. ಎಡಗಡೆ ಬಾಗಿಲಿನಲ್ಲಿ ಗೀರಿದೆ ಎಂದೆ. ಡ್ರೈವರ್ ಸೀಟಿನ ಅಂಚು ಸವೆದಿದೆ ಎಂದೆ. ಡಿಕ್ಕಿ ಮುಚ್ಚಳದ ಮೇಲೆ ಚಿಕ್ಕ ತಗ್ಗಿದೆ ಎಂದೆ. ಬೆಲೆ 6,500 ಡಾಲರ್ ಅಂತ ಹಾಕಿದೆ. ಓದಿದ ಹೆಂಡತಿ, "ಇದು ಜಾಹೀರಾತೋ, ತಪ್ಪೊಪ್ಪಿಗೆಯೋ?" ಅಂದಳು.

ಆಮೇಲೆ ಶುರುವಾಯಿತು. ಒಬ್ಬ ಅರ್ಧ ಬೆಲೆಗೆ ಕೇಳಿದ. ಇನ್ನೊಬ್ಬ ದುಡ್ಡಿಲ್ಲ, ಹಿಮದ ಮೇಲೆ ಓಡಿಸುವ ಬೈಕು ಕೊಡುತ್ತೇನೆ, ಅದಲುಬದಲು ಮಾಡಿಕೊಳ್ಳೋಣವೇ ಅಂದ. ನೋಡಲು ಬಂದವರು ಒಬ್ಬರು ಕಾರಿನ ಸುತ್ತ ಎರಡು ಸುತ್ತು ಹಾಕಿ, ಬಾನೆಟ್ ಎತ್ತಿ ಇಳಿಸಿ, ಕೊನೆಗೆ ಕೇಳಿದ್ದು ಅದೇ: "ಇಷ್ಟು ಚೆನ್ನಾಗಿದ್ದರೆ ಯಾಕೆ ಮಾರುತ್ತಿದ್ದೀರಿ?" ಭಾಷೆ ಮಾತ್ರ ಬೇರೆ, ಪ್ರಶ್ನೆ ಅಮ್ಮನದ್ದೇ. ಜಾಗ ಇಲ್ಲ ಅಂದೆ. ಅವರ ಮುಖ ನೋಡಿದರೆ ನಾನು ಕಾರಿನಲ್ಲಿ ಏನೋ ಹೂತಿಟ್ಟಿದ್ದೇನೆ ಅನ್ನುವ ಹಾಗಿತ್ತು. ಕೆಟ್ಟ ಸಾಮಾನು ಮಾರುವವನಿಗೆ ಸುಳ್ಳಿನ ಆಸರೆ ಇರುತ್ತದೆ. ಒಳ್ಳೆಯದನ್ನು ಮಾರುವವನಿಗೆ ಅದೂ ಇಲ್ಲ.

ಈಗ ತಾತನ ಕಥೆ. ತಾತ ಎರಡು ಮೂರು ವರ್ಷಕ್ಕೊಮ್ಮೆ ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಒಂದು ಜೋಡಿ ಹಳ್ಳಿಕಾರ್ ಎತ್ತು ಹೊಡೆದುಕೊಂಡು ಹೋಗುತ್ತಿದ್ದರು. ಕೊಂಬಿಗೆ ಎಣ್ಣೆ, ಕೊರಳಿಗೆ ಹೊಸ ಗೆಜ್ಜೆ. ಒಂದು ಸಲ ನಾನೂ ಹೋಗಿದ್ದೆ. ಕೊಳ್ಳುವವರು ಬಂದು ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ಬೆನ್ನು ತಟ್ಟಿ ನಾಲ್ಕು ಹೆಜ್ಜೆ ನಡೆಸುತ್ತಿದ್ದರು. ಬೆಲೆಯ ಮಾತು ಬಾಯಲ್ಲಿ ಆಡುತ್ತಲೇ ಇರಲಿಲ್ಲ. ಟವೆಲ್ ಕೆಳಗೆ ಕೈ ಕೈ ಹಿಡಿದು, ಬೆರಳು ಅಮುಕಿ ವ್ಯಾಪಾರ. ನಾನು ಟವೆಲ್ಲನ್ನೇ ನೋಡುತ್ತಾ ನಿಂತಿದ್ದೆ. ಅದರೊಳಗೆ ಮೊಲ ಇದ್ದ ಹಾಗೆ ಅದು ಅಲ್ಲಾಡುತ್ತಿತ್ತು. ಆ ದಿನ ತಾತ ಬೇರೊಂದು ಜೋಡಿ ಹಿಡಿದುಕೊಂಡು ಮನೆಗೆ ಬಂದಾಗ ಅಜ್ಜಿ ಬಾಗಿಲಲ್ಲೇ ಕೇಳಿದಳು: "ಇದ್ದ ಎತ್ತಿಗೇನಾಗಿತ್ತು?" ತಾತನಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಆ ಪ್ರಶ್ನೆ ಮಾತ್ರ ಕೇಳಿಸುತ್ತಿರಲಿಲ್ಲ.

ಮೂರನೆಯ ವಾರ ಬಂದ ಹುಡುಗನಿಗೆ ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ಅಪ್ಪನ ಜೊತೆ ಬಂದಿದ್ದ. ನಮಸ್ಕಾರ ಗಿಮಸ್ಕಾರ ಅಂತ ಹೆಚ್ಚು ಮಾತಿಲ್ಲ. ಜೇಬಿನಿಂದ ಟಾರ್ಚು ಮತ್ತು ಒಂದು ಪುಟ್ಟ ಅಯಸ್ಕಾಂತ ತೆಗೆದವನೇ ನೆಲದ ಮೇಲೆ ಅಂಗಾತ ಮಲಗಿಬಿಟ್ಟ. ಹಿಂದಿನ ಚಕ್ರದ ಮುಂದಿನ ತಗಡಿಗೆ ಅಯಸ್ಕಾಂತ ಅಂಟಿಸುತ್ತಾ ಹೋದ. ತುಕ್ಕು ಮುಚ್ಚಲು ಪುಟ್ಟಿ ಮೆತ್ತಿದ್ದರೆ ಅಲ್ಲಿ ಅದು ಹಿಡಿಯುವುದಿಲ್ಲ. ಟಕ್, ಟಕ್, ಟಕ್. ಎಲ್ಲ ಕಡೆ ಹಿಡಿಯಿತು. ಎದ್ದವನು ನೀರು ಕೇಳಿದ. ಬಾಯಾರಿಕೆ ಇರಬೇಕು ಅಂತ ಲೋಟದಲ್ಲಿ ತಂದುಕೊಟ್ಟೆ. ಅವನು ಅದನ್ನು ಸೀಟಿನ ಹಿಂದಿನ ತೂತಿಗೆ ಸುರಿದು, ಮೊಣಕಾಲೂರಿ ಚಕ್ರದ ಪಕ್ಕ ನೋಡತೊಡಗಿದ. ನೀರು ಬಿತ್ತು. ಇಬ್ಬರೂ ಒಟ್ಟಿಗೆ "ಆಹ್" ಅಂದೆವು. ಅವನ ಅಪ್ಪ ಮತ್ತು ನನ್ನ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಡಿಕ್ಕಿಯ ಮೇಲಿನ ತಗ್ಗನ್ನು ಬೆರಳಲ್ಲಿ ಸವರಿ, ಇದೇನು ಅಂದ.

"ಅಕ್ಕಿ," ಅಂದೆ. ಇಪ್ಪತ್ತು ಪೌಂಡಿನ ಚೀಲ ಹೆಗಲಿನಿಂದ ಜಾರಿದ ಕಥೆ ಹೇಳಿದೆ. ಅವನು ಗಂಭೀರವಾಗಿ ತಲೆಯಾಡಿಸಿದ.

ಒಂದು ಸುತ್ತು ಓಡಿಸಿ ಬಂದು, ಎಂಜಿನ್ ಆರಿಸಿ, ಕೆಳಗೆ ಇಳಿಯದೆ ಸ್ವಲ್ಪ ಹೊತ್ತು ಹಾಗೇ ಕೂತ. ಅಮ್ಮನ ಪ್ರಶ್ನೆ ಇನ್ನೇನು ಬಂತು ಅಂದುಕೊಂಡೆ. ಅವನು ಕೇಳಿದ್ದು ಬೇರೆ. "ಯಾವುದು ಬರುತ್ತಿದೆ?"

ಹೇಳಿದೆ. ಕಣ್ಣು ಬಿಡುವ ದೀಪದ್ದಾ ಅಂದ. ಹೌದು ಅಂದೆ. ಇನ್ನೂರು ಮುನ್ನೂರು ಡಾಲರ್ ಇಳಿಸಲು ನನಗೆ ಟವೆಲ್ ಬೇಕಾಗಲಿಲ್ಲ. 6,200ಕ್ಕೆ ಮುಗಿಯಿತು.

ನಮ್ಮ ಆರ್.ಟಿ.ಓ. ಮಾಡುವ ಕೆಲಸವನ್ನು ಇಲ್ಲಿ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ ಮಾಡುತ್ತದೆ. ಅವನ ಅಪ್ಪನ ಗಾಡಿಯಲ್ಲೇ ಹೋದೆವು. ನಾನು ಕಾರಿನ ಮಾಲೀಕತ್ವದ ಪತ್ರಕ್ಕೆ ಸಹಿ ಹಾಕಿದೆ, ಅವನು ನೂರಕ್ಕೆ ಆರರಂತೆ ತೆರಿಗೆ ಕಟ್ಟಿ ತನ್ನದೊಂದು ನಂಬರ್ ಪ್ಲೇಟ್ ಪಡೆದ. ಮನೆಗೆ ಬಂದು ಕೀ ಕೊಟ್ಟೆ. ರಸೀದಿಗಳ ಡಬ್ಬ ಕೊಟ್ಟೆ. ಅರವತ್ತು ಸಾವಿರ ಮೈಲಿಗೆ ಟೈಮಿಂಗ್ ಬೆಲ್ಟ್ ಬದಲಿಸಿದ್ದರಿಂದ ಹಿಡಿದು ಆಯಿಲ್ಲಿನ ಲೆಕ್ಕದ ತನಕ ಎಲ್ಲ ಒಂದು ಮೈಸೂರುಪಾಕಿನ ಡಬ್ಬದಲ್ಲಿದ್ದವು. ಮುಚ್ಚಳ ತೆಗೆದು ಮೂಸಿ ನೋಡಿದ. ತುಪ್ಪದ ವಾಸನೆ ಇನ್ನೂ ಇತ್ತು.

ಮಿಶಿಗನ್‌ನಲ್ಲಿ ನಂಬರ್ ಪ್ಲೇಟ್ ಕಾರಿನ ಜೊತೆ ಹೋಗುವುದಿಲ್ಲ. ಅದು ಮಾಲೀಕನದು. ಕಾರು ಮಾರಿದವನು ಬಿಚ್ಚಿಟ್ಟುಕೊಂಡು ತನ್ನ ಮುಂದಿನ ಕಾರಿಗೆ ಹಾಕಿಸಿಕೊಳ್ಳಬಹುದು. ಹಿಂದುಗಡೆ ಒಂದೇ ಪ್ಲೇಟು, ಮುಂದೆ ಇಲ್ಲ. ಕಾರಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ತಿರುಪು ಬಿಚ್ಚುವಾಗ ನೆನಪಾಯಿತು. ಜಾತ್ರೆಯಲ್ಲಿ ವ್ಯಾಪಾರ ಮುಗಿದ ಮೇಲೆ ಕೊಂಡವನು ತನ್ನ ಹಗ್ಗ ಕಟ್ಟುತ್ತಿದ್ದ, ತಾತ ತಮ್ಮ ಹಗ್ಗ ಬಿಚ್ಚಿಕೊಳ್ಳುತ್ತಿದ್ದರು. ಎತ್ತು ಕೊಡಬಹುದು, ಹಗ್ಗ ಮಾತ್ರ ಕೊಡಬಾರದು, ಅದರ ಹಿಂದೆ ಕೊಟ್ಟಿಗೆಯ ಲಕ್ಷ್ಮಿಯೂ ಹೋಗಿಬಿಡುತ್ತಾಳೆ ಅನ್ನುವುದು ಅವರ ನಂಬಿಕೆ. ಆ ಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡು, ಮುಂದಿನ ಜೋಡಿ ನೋಡಲು ಹೊರಡುತ್ತಿದ್ದರು.

ಹುಡುಗ ತನ್ನ ಪ್ಲೇಟು ಹಾಕಿಕೊಂಡ. ಟಾಪು ಇಳಿಸಿಕೊಂಡ. ತಿರುವಿನಲ್ಲಿ ಎರಡನೇ ಗೇರಿಗೆ ಹಾಕಿದ ಸದ್ದು ಕೇಳಿಸಿತು. ಸರಿಯಾದ ಹೊತ್ತಿಗೇ ಹಾಕಿದ.

ನನ್ನ ಪ್ಲೇಟು ಹತ್ತು ದಿನ ಗ್ಯಾರೇಜಿನ ಮೊಳೆಗೆ ನೇತುಬಿದ್ದಿತ್ತು. ಜಾಗ ಖಾಲಿ. ನೆಲದಲ್ಲಿ ನಾಲ್ಕು ಚಕ್ರದ ಗುರುತು. ಅಷ್ಟರಲ್ಲೇ ಒಂದು ಅಕ್ಕಿ ಚೀಲ ಮೆಲ್ಲಗೆ ಆ ಕಡೆ ಕಾಲು ಚಾಚಿತ್ತು. ಹಳೆಯ ಕಾರು ಬಂತು. ಕಾಗದದ ಕೆಲಸ ಮುಗಿಸಿ, ಅದೇ ಪ್ಲೇಟು, ಅದೇ ಎರಡು ತಿರುಪು ಹಾಕಿ ಬಿಗಿ ಮಾಡಿದೆ. ಹೆಂಡತಿ ಕಾಫಿ ಹಿಡಿದು ಬಾಗಿಲಿಗೆ ಬಂದಳು. ಅವಳಿಗೆ ತೋರಿಸಬೇಕು ಅಂತಲೇ ಕಾದಿದ್ದೆ. ಗುಂಡಿ ಒತ್ತಿದೆ.

ಬಲಗಣ್ಣು ತೆರೆಯಿತು. ಎಡಗಡೆ ಕುಂಯ್ ಅಂದು ಸುಮ್ಮನಾಯಿತು.

"ಇದ್ದಿದ್ದಕ್ಕೆ ಏನಾಗಿತ್ತು ರೀ?" ಅಂದಳು.

ನಾನು ಬಾನೆಟ್ ಎತ್ತಿದೆ. ಎದ್ದೇಳದ ದೀಪವನ್ನು ಕೈಯಲ್ಲೇ ಎಬ್ಬಿಸಲು ಒಳಗೊಂದು ತಿರುಗಣೆ ಇದೆ. ತಲೆ ಒಳಗೆ ಹಾಕಿ ಅದನ್ನು ತಿರುಗಿಸುತ್ತಾ ನಿಂತೆ. ತುಂಬಾ ಸುತ್ತು ತಿರುಗಿಸಬೇಕು ಅದನ್ನು.